ಏಳನೆಯ ತೊಟ್ಟಿಯ ರಸಾಯನಶಾಸ್ತ್ರ

ಬೆಂಗಳೂರಿನ ಕೈಗಾರಿಕಾ ಪ್ರದೇಶವಾದ ಪೀಣ್ಯದ ಒಳರಸ್ತೆಗಳಲ್ಲಿ ‘ಪೌಡರ್ ಕೋಟಿಂಗ್’ ಎಂಬ ಬೋರ್ಡು ಹಾಕಿಕೊಂಡ ಶೆಡ್ಡಿನೊಳಗೆ ಹೊಕ್ಕರೆ ಸಾಮಾನ್ಯವಾಗಿ ಮೊದಲು ಕಾಣುವುದು ಸಾಲಾಗಿ ನಿಂತ ತೊಟ್ಟಿಗಳು. ಕೆಲಸದವರು ಇದನ್ನು ‘ಸೆವೆನ್ ಟ್ಯಾಂಕ್’ ಎನ್ನುತ್ತಾರೆ. ವಿದ್ಯುತ್ ಪ್ಯಾನೆಲ್ಲಿನ ಬಾಗಿಲಿರಲಿ, ಮೇಜಿನ ಕಾಲಿರಲಿ, ಯಾವ ‘ಜಾಬ್’ ಆದರೂ ಬಣ್ಣದ ಬೂತಿಗೆ ಹೋಗುವ ಮುಂಚೆ ಇವುಗಳಲ್ಲಿ ಮುಳುಗಿ ಏಳಬೇಕು. ಮೊದಲು ಜಿಡ್ಡು ಬಿಡಿಸುವ ಕ್ಷಾರ, ಆಮೇಲೆ ನೀರು, ತುಕ್ಕು ತೆಗೆಯುವ ಆಮ್ಲ, ಮತ್ತೆ ನೀರು, ಲೋಹದ ಮೇಲೆ ಫಾಸ್ಫೇಟ್ ಪದರ ಕೂರಿಸುವ ಫಾಸ್ಫೇಟಿಂಗ್, ಇನ್ನೊಮ್ಮೆ ನೀರು, ಕೊನೆಗೆ ತುಕ್ಕು ಸುಲಭವಾಗಿ ಹಿಡಿಯದಂತೆ ಮಾಡುವ ಪ್ಯಾಸಿವೇಶನ್. ಅದಾದ ಮೇಲೆ ಬಣ್ಣದ ಪುಡಿ ಎರಚಿ, 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಓವನ್ನಿನಲ್ಲಿ ಇಟ್ಟರೆ ಪುಡಿ ಕರಗಿ ಹರಡಿ ಗಟ್ಟಿಯಾಗುತ್ತದೆ. ಗಿರಾಕಿ ನೋಡುವುದು ಆ ಬಣ್ಣವನ್ನು. ಎರಡು ಮಳೆಗಾಲ ಕಳೆದ ಮೇಲೆ ಅದು ಗುಳ್ಳೆ ಎದ್ದು ಸಿಪ್ಪೆಯಂತೆ ಬಿಡುತ್ತದೋ ಇಲ್ಲವೋ ಎಂಬುದು ಮಾತ್ರ ಅದರಡಿಯ, ಕಣ್ಣಿಗೆ ಬೀಳದ ತೆಳು ಪದರದಲ್ಲೇ ತೀರ್ಮಾನವಾಗಿರುತ್ತದೆ.

ಆ ಕೊನೆಯ ತೊಟ್ಟಿಯಲ್ಲಿ ಬಹುಕಾಲ ಇದ್ದದ್ದು ಹೆಕ್ಸಾವೇಲೆಂಟ್ ಕ್ರೋಮಿಯಂ, ಅಂದರೆ ಆರರ ವೇಲೆನ್ಸಿಯ ಕ್ರೋಮಿಯಂ. ಆಮ್ಲಜನಕದೊಡನೆ ಅದು ಕೂಡಿದ ರೂಪವೇ ಕ್ರೋಮೇಟ್. ಹಾರ್ಡ್‌ವೇರ್ ಅಂಗಡಿಯ ಬೋಲ್ಟು ನಟ್ಟುಗಳ ಮೇಲೆ ಹಳದಿಗೆ ಹಸಿರು, ನಸುಗೆಂಪು ಬೆರೆತ ಹೊಳಪನ್ನು ನೀವು ನೋಡಿರುತ್ತೀರಿ. ಅದು ಸತುವಿನ ಮೇಲೆ ಕೂತ ಕ್ರೋಮೇಟ್ ಪದರ. ವಿಮಾನದ ಅಲ್ಯೂಮಿನಿಯಂ ತಗಡಿಗೂ ದಶಕಗಳ ಕಾಲ ಇದೇ ರಕ್ಷೆ. ಇದರ ಗುಣ ಅಸಾಧಾರಣವಾದದ್ದು. ಪದರಕ್ಕೆ ಗೀರು ಬಿದ್ದರೆ ಸುತ್ತಲಿನ ತೇವದಲ್ಲಿ ಒಂದಷ್ಟು ಕ್ರೋಮೇಟ್ ಕರಗಿ ಗೀರಿನ ತನಕ ಹರಿದುಹೋಗುತ್ತದೆ. ಅಲ್ಲಿ ತೆರೆದುಕೊಂಡ ಲೋಹದಿಂದ ಎಲೆಕ್ಟ್ರಾನ್ ಪಡೆದು ಮೂರರ ವೇಲೆನ್ಸಿಯ ಟ್ರೈವೇಲೆಂಟ್ ಕ್ರೋಮಿಯಂ ಆಗಿ ಬದಲಾಗುತ್ತದೆ, ನೀರಿನಲ್ಲಿ ಕರಗದ ಹೈಡ್ರಾಕ್ಸೈಡ್ ಆಗಿ ಅಲ್ಲೇ ಕೂತುಬಿಡುತ್ತದೆ. ಗೀರು ತಾನಾಗಿ ಮುಚ್ಚಿಕೊಳ್ಳುತ್ತದೆ.

ಕೇಡು ಇರುವುದೂ ಅದೇ ಗುಣದಲ್ಲಿ. ಗೀರಿನ ತನಕ ಹರಿಯಬಲ್ಲದ್ದು ಮಣ್ಣಿನಾಳಕ್ಕೂ ಹರಿಯಬಲ್ಲದು. ಕ್ರೋಮೇಟ್ ಅಯಾನಿನ ಆಕಾರ ಸಲ್ಫೇಟಿನಂತೆಯೇ ಇರುವುದರಿಂದ ನಮ್ಮ ಜೀವಕೋಶಗಳು ಸಲ್ಫೇಟಿಗೆಂದು ಇಟ್ಟುಕೊಂಡ ದಾರಿಯಲ್ಲೇ ಅದನ್ನು ಒಳಗೆ ಬಿಟ್ಟುಕೊಳ್ಳುತ್ತವೆ. ಒಳಹೊಕ್ಕ ಮೇಲೆ ಅದು ಡಿಎನ್‌ಎಗೆ ಹಾನಿ ಮಾಡುತ್ತದೆ, ಕ್ಯಾನ್ಸರಿಗೆ ಕಾರಣವಾಗುತ್ತದೆ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸೇರಿರುವುದು ಸರ್ಕಾರಿ ಅಧ್ಯಯನಗಳಲ್ಲೇ ದಾಖಲಾಗಿದೆ. ಆ ತೊಟ್ಟಿಗೆ ಕೈ ಹಾಕುವವರು, ಸುತ್ತಮುತ್ತ ಬೋರ್‌ವೆಲ್ ನೀರು ಬಳಸುವವರು ನಮ್ಮ ಊರಿನ ಜನ. ಹೀಗಾಗಿ ಕ್ರೋಮೇಟಿಗೆ ಬದಲಿ ಹುಡುಕುವುದನ್ನು ಪ್ರಬಂಧ ಬರೆಯಲು ಸಿಕ್ಕ ಇನ್ನೊಂದು ವಿಷಯವೆಂದಷ್ಟೇ ನೋಡಲು ನನ್ನಿಂದಾಗದು. ಯುರೋಪಿನ ಒಕ್ಕೂಟ 2007ರ ಜುಲೈ 1ರಿಂದ ವಾಹನಗಳ ತುಕ್ಕುನಿರೋಧಕ ಲೇಪನಗಳಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ ಬಳಸುವುದನ್ನು ನಿಷೇಧಿಸಿತು. ಅಲ್ಲಿಗೆ ಬಿಡಿಭಾಗ ಕಳಿಸುವವರು ಟ್ರೈವೇಲೆಂಟ್ ‘ಬಾತ್’ಗೆ, ಎಂದರೆ ತೊಟ್ಟಿಯ ದ್ರಾವಣಕ್ಕೆ, ಬದಲಾಗಲೇಬೇಕಾಯಿತು. ನಮ್ಮಲ್ಲೇ ಮಾರಾಟವಾಗುವ ಸರಕಿಗೆ ಅಂಥ ಒತ್ತಡ ಅಷ್ಟಾಗಿ ಬರಲಿಲ್ಲ.

ಬದಲಿಗಳು ಇಲ್ಲವೆಂದಲ್ಲ. ಜಿರ್ಕೋನಿಯಂ ಆಧಾರಿತ ತೆಳು ಪದರಗಳಿವೆ. ಸಿಲೇನ್ ಎಂಬ ಸಿಲಿಕಾನ್ ಸಂಯುಕ್ತಗಳನ್ನು ದ್ರಾವಣದಿಂದ ಜೆಲ್ ಆಗಿಸಿ ಗಾಜಿನಂಥ ಪದರ ಬೆಳೆಸುವ ಸೋಲ್-ಜೆಲ್ ವಿಧಾನವಿದೆ. ಎರಡೂ ಲೋಹವನ್ನು ಚೆನ್ನಾಗಿ ಮುಚ್ಚುತ್ತವೆ, ಆದರೆ ಗೀರು ಬಿದ್ದರೆ ತಾವಾಗಿ ಮಾಯುವುದಿಲ್ಲ. ಸಂಶೋಧಕರು ಆ ಕೊರತೆಗೆ ಹುಡುಕಿಕೊಂಡ ಧಾತುಗಳಲ್ಲಿ ಸೀರಿಯಂ ಮುಖ್ಯವಾದದ್ದು. ಇದು ರೇರ್ ಅರ್ಥ್ ಗುಂಪಿಗೆ ಸೇರಿದ್ದು. ಗುಂಪಿನ ಹೆಸರಿನಲ್ಲಿ ಅಪರೂಪವೆಂದಿದ್ದರೂ ಭೂಮಿಯ ಹೊರಪದರದಲ್ಲಿ ಸೀರಿಯಂ ಹೆಚ್ಚುಕಡಿಮೆ ತಾಮ್ರದಷ್ಟೇ ಇದೆ. ಕೇರಳದ ಕಡಲತಡಿಯ ಮೊನಜೈಟ್ ಮರಳಿನಲ್ಲೂ ಸಿಗುತ್ತದೆ. ಗೀರಿನಲ್ಲಿ ತುಕ್ಕಿನ ಕ್ರಿಯೆ ಶುರುವಾದಾಗ ಆಮ್ಲಜನಕ ಎಲೆಕ್ಟ್ರಾನ್ ಪಡೆಯುವ ಜಾಗದಲ್ಲಿ ನೀರು ಕ್ಷಾರೀಯವಾಗುತ್ತದೆ. ಲೇಪನದಲ್ಲಿ ಬೆರೆಸಿಟ್ಟ ಸೀರಿಯಂ ಅಯಾನು ಆ ಕ್ಷಾರಕ್ಕೆ ಸಿಕ್ಕ ತಕ್ಷಣ ಹೈಡ್ರಾಕ್ಸೈಡ್ ಆಗಿ ಗಟ್ಟಿಯಾಗಿ, ಆ ಜಾಗವನ್ನು ಮುಚ್ಚಿ ಕ್ರಿಯೆಯನ್ನು ನಿಲ್ಲಿಸುತ್ತದೆ. ತುಕ್ಕು ತಾನು ಹುಟ್ಟಿಸಿದ ಕ್ಷಾರದಿಂದಲೇ ತನ್ನ ದಾರಿ ಮುಚ್ಚಿಕೊಳ್ಳುವಂತೆ ಮಾಡುವ ಈ ಉಪಾಯ ನನಗೆ ಬಹಳ ಇಷ್ಟ.

ಪ್ರಯೋಗಾಲಯದಲ್ಲಿ ಇದು ಸೊಗಸಾಗಿ ನಡೆಯುತ್ತದೆ. ಅಂಗೈಯಗಲದ ತಗಡು, ಅಯಾನು ತೆಗೆದ ಶುದ್ಧ ನೀರು, ಹೊಸದಾಗಿ ಕಲಸಿದ ದ್ರಾವಣ. ಪೀಣ್ಯದ ಶೆಡ್ಡಿನಲ್ಲಿ ತಗಡು ಆರಡಿ ಉದ್ದ, ತೊಳೆಯುವ ನೀರು ಟ್ಯಾಂಕರಿನದೋ ಬೋರ್‌ವೆಲ್ಲಿನದೋ, ಕ್ಯಾಲ್ಸಿಯಂ, ಕ್ಲೋರೈಡುಗಳು ಎರಡೂ ಇರುವ ಗಡಸು ನೀರು. ಬಾತ್ ತಿಂಗಳುಗಟ್ಟಲೆ ಬದಲಾಗದೆ ಹಿಂದಿನ ತೊಟ್ಟಿಯ ಆಮ್ಲದ ಹನಿಗಳನ್ನು ಕುಡಿಯುತ್ತಲೇ ಇರುತ್ತದೆ. ಸೋಲ್-ಜೆಲ್ ದ್ರಾವಣಕ್ಕೆ ಇಷ್ಟು ಸಾಕು, ತಗಡಿನ ಮೇಲೆ ಗಟ್ಟಿಯಾಗುವ ಬದಲು ತೊಟ್ಟಿಯಲ್ಲೇ ಜೆಲ್ ಆಗಿಬಿಡುತ್ತದೆ. ಪದರ ಕೂತರೂ ಅದರಡಿ ಉಳಿದ ಕ್ಲೋರೈಡಿನ ಚುಕ್ಕಿ ತೇವ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಶೆಡ್ಡಿನ ಮಾಲೀಕರು ಕೇಳುವುದು ಒಂದೇ ಪ್ರಶ್ನೆ: “ಸಾರ್, ಸಾಲ್ಟ್ ಸ್ಪ್ರೇಯಲ್ಲಿ ಎಷ್ಟು ಅವರ್ ನಿಲ್ಲುತ್ತೆ?” 35 ಡಿಗ್ರಿಯ ಮುಚ್ಚಿದ ಪೆಟ್ಟಿಗೆಯಲ್ಲಿ ಶೇ 5ರ ಉಪ್ಪುನೀರನ್ನು ಮಂಜಿನಂತೆ ಸಿಂಪಡಿಸುತ್ತಾ ತುಕ್ಕು ಕಾಣಿಸುವ ತನಕ ಗಂಟೆ ಎಣಿಸುವ ಪರೀಕ್ಷೆ ಅದು. ಇನ್ನೊಂದು ಪರೀಕ್ಷೆ ಇನ್ನೂ ಸರಳ. ಬ್ಲೇಡಿನಿಂದ ಅಡ್ಡಡ್ಡ ಆರು, ಉದ್ದುದ್ದ ಆರು ಗೆರೆ ಕೊಯ್ದರೆ 25 ಚೌಕಗಳಾಗುತ್ತವೆ. ಮೇಲೆ ಟೇಪು ಅಂಟಿಸಿ ಕಿತ್ತು ಎಷ್ಟು ಚೌಕ ಎದ್ದುಬಂದವೆಂದು ನೋಡುವುದು.

ಇವನ್ನು ಕೇವಲ ಕಾರ್ಖಾನೆಯ ಪ್ರಶ್ನೆಗಳೆಂದು ತಳ್ಳಿಹಾಕುವ ಅಭ್ಯಾಸ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಹೋಗಿಲ್ಲ. ಗಡಸು ನೀರಿನಲ್ಲೂ ಜೆಲ್ ಆಗದ ಸಿಲೇನ್ ಯಾವುದು, ಕ್ಲೋರೈಡ್ ಇದ್ದಾಗ ಸೀರಿಯಂ ಹೈಡ್ರಾಕ್ಸೈಡ್ ಹೇಗೆ ಕೂರುತ್ತದೆ? ಇವೆಲ್ಲ ಮೂಲವಿಜ್ಞಾನದ ಪ್ರಶ್ನೆಗಳೇ. ಶುದ್ಧ ನೀರನ್ನೇ ಬಳಸುವವನಿಗೆ ಅವು ಹೊಳೆಯುವುದಿಲ್ಲ, ಅಷ್ಟೆ.

ರಸಾಯನಶಾಸ್ತ್ರದಲ್ಲಿ ವಿಶ್ವವಿದ್ಯಾಲಯ ಮತ್ತು ಕಾರ್ಖಾನೆ ಕೂಡಿ ಮಾಡಿದ ಅತಿ ದೊಡ್ಡ ಜಂಟಿ ಕೆಲಸವೂ ಹೀಗೆಯೇ ನಡೆದದ್ದು. 1909ರಲ್ಲಿ ಕಾರ್ಲ್ಸ್‌ರೂಹೆಯ ಪ್ರೊಫೆಸರ್ ಫ್ರಿಟ್ಜ್ ಹೇಬರ್ ಗಾಳಿಯ ಸಾರಜನಕದಿಂದ ಅಮೋನಿಯಾ ಹನಿಯುವುದನ್ನು ಮೇಜಿನ ಮೇಲೆ ತೋರಿಸಿದರು. ಅವರ ಕ್ರಿಯಾವರ್ಧಕ ಆಸ್ಮಿಯಂ, ಜಗತ್ತಿನಲ್ಲೇ ಅತಿ ವಿರಳವಾದ ಲೋಹಗಳಲ್ಲೊಂದು. ಬಿಎಎಸ್‌ಎಫ್ ಕಂಪನಿಯ ಆಲ್ವಿನ್ ಮಿಟಾಷ್ ಅಗ್ಗದ ಬದಲಿಗಾಗಿ ಸಾವಿರಾರು ಮಿಶ್ರಣಗಳನ್ನು ಪರೀಕ್ಷಿಸಿದರು. ಸ್ವೀಡನ್ನಿನ ಒಂದು ಕಬ್ಬಿಣದ ಅದಿರು ಅನಿರೀಕ್ಷಿತವಾಗಿ ಚೆನ್ನಾಗಿ ಕೆಲಸ ಮಾಡಿತು. ಶುದ್ಧ ಕಬ್ಬಿಣ ಅಷ್ಟು ಮಾಡಲಿಲ್ಲ. ಗುಟ್ಟು ಇದ್ದದ್ದು ಅದಿರಿನ ಕಲ್ಮಶದಲ್ಲಿ. ಕಬ್ಬಿಣಕ್ಕೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್), ಪೊಟ್ಯಾಷಿಯಂ ಬೆರೆಸಿದ ಆ ಸೂತ್ರದಿಂದ 1913ರಲ್ಲಿ ಕಾರ್ಖಾನೆ ಶುರುವಾಯಿತು. ಕಬ್ಬಿಣದ ಮೇಲ್ಮೈಯಲ್ಲಿ ಅಣುಗಳಿಗೆ ಆಗುವುದೇನು ಎಂಬುದನ್ನು ಹಂತಹಂತವಾಗಿ ಬಿಡಿಸಿದ ಗೆರ್ಹಾರ್ಡ್ ಎರ್ಟ್ಲ್ ಅವರಿಗೆ ನೊಬೆಲ್ ಬಂದದ್ದು 2007ರಲ್ಲಿ. ಕಾರ್ಖಾನೆ ಎತ್ತಿದ ಪ್ರಶ್ನೆಯ ಬೆನ್ನು ಹತ್ತಿ ವಿಜ್ಞಾನ ಅಷ್ಟು ದೂರ ನಡೆಯಬೇಕಾಯಿತು.

ಅದೇ 1909ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಸ್ಥಾಪನೆಯಾಯಿತು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ರಾಮ್ಸೆ ಜೊತೆ ನಿಯಾನ್ ಕಂಡುಹಿಡಿದ ರಸಾಯನಶಾಸ್ತ್ರಜ್ಞ. ಮೊದಲ ವಿಭಾಗಗಳಲ್ಲೊಂದು ಸಾಮಾನ್ಯ ಮತ್ತು ಅನ್ವಯಿಕ ರಸಾಯನಶಾಸ್ತ್ರ. ಮೊದಲ ಮಹಾಯುದ್ಧದಿಂದ ಮೈಸೂರು ಸಂಸ್ಥಾನದ ಶ್ರೀಗಂಧ ಯುರೋಪಿಗೆ ಹೋಗದೆ ಉಳಿದಾಗ ಇಲ್ಲಿನ ಸಡ್‌ಬರೋ ಮತ್ತು ವಾಟ್ಸನ್ ಅದರಿಂದ ಎಣ್ಣೆ ಬಟ್ಟಿ ಇಳಿಸುವ ವಿಧಾನ ಸಿದ್ಧಪಡಿಸಿದರು. ಸರ್ಕಾರ ಅದನ್ನು ಕಾರ್ಖಾನೆ ಮಾಡಿತು, ಆ ಎಣ್ಣೆಯಿಂದ ಸೋಪು ಬಂತು. ಮೆಟ್ರೋದ ಹಸಿರು ಮಾರ್ಗದಲ್ಲಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣ ದಾಟಿ ಯಶವಂತಪುರ, ಗೊರಗುಂಟೆಪಾಳ್ಯದ ಮೇಲೆ ಹೋದರೆ ಪೀಣ್ಯವೇ ಬರುತ್ತದೆ.

ಸೀರಿಯಮ್ಮಿಗೆ ಈ ಊರಿನಲ್ಲಿ ಇನ್ನೊಂದು ಕಥೆಯಿದೆ. 1988ರಲ್ಲಿ ಸಂಸ್ಥೆಯ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ ಅವರು ಅಲ್ಯೂಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ಕಲಸಿ 500 ಡಿಗ್ರಿಯ ಕುಲುಮೆಗೆ ಇಟ್ಟು ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ಮಿಶ್ರಣ ಕರಗಿ, ಕುದಿದು, ಹಾಲು ಉಕ್ಕುವಂತೆ ನೊರೆಯೆದ್ದು, ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಯೂರಿಯಾ ಇಂಧನ, ನೈಟ್ರೇಟ್ ಅದಕ್ಕೆ ಆಮ್ಲಜನಕ ಒದಗಿಸುತ್ತದೆ. ಒಳಗಿನ ಶಾಖ ಕುಲುಮೆಯದನ್ನು ಎಷ್ಟೋ ಪಾಲು ಮೀರುತ್ತದೆ. ಐದೇ ನಿಮಿಷದಲ್ಲಿ ಪಾತ್ರೆಯ ತುಂಬ ಹಗುರವಾದ ಬಿಳಿ ನೊರೆ. ಅದೇ ಆಲ್ಫಾ ಅಲ್ಯೂಮಿನಾ, ಮಾಮೂಲಿ ವಿಧಾನದಲ್ಲಾದರೆ ಸಾವಿರ ಡಿಗ್ರಿಗೂ ಮೇಲೆ ಗಂಟೆಗಟ್ಟಲೆ ಕಾಯಿಸಿ ಪಡೆಯಬೇಕಾದದ್ದು. ದ್ರಾವಣ ದಹನವೆಂಬ ಈ ವಿಧಾನ ಇಂದು ಎಷ್ಟೋ ದೇಶಗಳ ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ.

ಅದೇ ಸಂಸ್ಥೆಯ ಎಂ.ಎಸ್. ಹೆಗಡೆ ಮತ್ತು ಸಂಗಡಿಗರು ಈ ದಾರಿಯಲ್ಲಿ ಸೀರಿಯಂ ಆಕ್ಸೈಡ್ ಮಾಡಿ, ನೂರು ಸೀರಿಯಂ ಪರಮಾಣುಗಳಲ್ಲಿ ಎರಡರ ಜಾಗಕ್ಕೆ ಪಲೇಡಿಯಂ ಅಯಾನು ಕೂರಿಸಿದರು. ಕಾರಿನ ಹೊಗೆಕೊಳವೆಯಲ್ಲಿ ವಿಷಾನಿಲ ತಗ್ಗಿಸುವ ಕನ್ವರ್ಟರ್‌ನಲ್ಲಿ ಸಾಮಾನ್ಯವಾಗಿ ಪಲೇಡಿಯಂ, ಪ್ಲಾಟಿನಂ, ರೋಡಿಯಂಗಳು ಲೋಹದ ಸಣ್ಣ ಕಣಗಳಾಗಿರುತ್ತವೆ. ಕಾವಿಗೆ ಕಣಗಳು ಒಂದಕ್ಕೊಂದು ಕೂಡಿ ದಪ್ಪಗಾಗುತ್ತವೆ, ಅನಿಲಕ್ಕೆ ಸಿಗುವ ಮೇಲ್ಮೈ ಕಡಿಮೆಯಾಗುತ್ತದೆ. ಅಯಾನು ಹರಳಿನ ಜಾಲದೊಳಗೇ ಕೂತಿದ್ದರೆ ಹಾಗೆ ಸೇರಿಕೊಳ್ಳುವುದು ಕಷ್ಟ. ಸೀರಿಯಂ ಮೂರು ಮತ್ತು ನಾಲ್ಕರ ವೇಲೆನ್ಸಿಗಳ ನಡುವೆ ಸುಲಭವಾಗಿ ಬದಲಾಗುವುದರಿಂದ ಆಮ್ಲಜನಕವನ್ನು ಹೆಚ್ಚಿದ್ದಾಗ ಹಿಡಿದಿಟ್ಟು, ಕೊರತೆಯಾದಾಗ ಬಿಟ್ಟುಕೊಡುತ್ತದೆ. ಸಿಗ್ನಲ್ಲಿಗೊಮ್ಮೆ ನಿಂತು ಹೊರಡುವ ನಮ್ಮ ಸಂಚಾರದಲ್ಲಿ ಈ ಗುಣ ಬಹಳ ಬೇಕು.

ಆದರೆ ಪುಡಿಯನ್ನು ಯಾರೂ ಹೊಗೆಕೊಳವೆಗೆ ಸುರಿಯುವುದಿಲ್ಲ. ಅದು ಕಾರ್ಡಿಯರೈಟ್ ಎಂಬ ಪಿಂಗಾಣಿ ಇಟ್ಟಿಗೆಯ ಗೋಡೆಗಳಿಗೆ ಅಂಟಬೇಕು. ಆ ಇಟ್ಟಿಗೆಯಲ್ಲಿ ಒಂದು ಚದರ ಇಂಚಿಗೆ ಸಾಮಾನ್ಯವಾಗಿ 400 ಕಿರುನಾಳಗಳಿರುತ್ತವೆ. ಹೆಗಡೆ ಅವರ ತಂಡ ಇಟ್ಟಿಗೆಯನ್ನೇ ದ್ರಾವಣದಲ್ಲಿ ಅದ್ದಿ ಕುಲುಮೆಗಿಟ್ಟು, ಕ್ರಿಯಾವರ್ಧಕ ಗೋಡೆಯ ಮೇಲೆಯೇ ಉರಿದು ಹುಟ್ಟುವಂತೆ ಮಾಡಿತು. ಇಲ್ಲಿ ಕ್ರಿಯಾವರ್ಧಕವೇ ಲೇಪನ. ಲೇಪನವೆಂದ ಮೇಲೆ ಪೀಣ್ಯದ ಪ್ರಶ್ನೆಗಳೇ ಬರುತ್ತವೆ. ಗುಂಡಿ ಬಿದ್ದ ರಸ್ತೆಯ ಕುಲುಕಾಟಕ್ಕೆ ಉದುರುತ್ತದೆಯೇ? ಇಂಧನದ ಗಂಧಕಕ್ಕೆ ಎಷ್ಟು ದಿನ ತಡೆಯುತ್ತದೆ? ಸೀಸ ಬೆರೆತ ಪೆಟ್ರೋಲ್ ಕ್ರಿಯಾವರ್ಧಕವನ್ನು ಕೊಂದುಬಿಡುತ್ತದೆ. 1995ರಲ್ಲಿ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಕಾರುಗಳಿಗೆ ಕನ್ವರ್ಟರ್ ಕಡ್ಡಾಯ ಮಾಡಿದಾಗ ಸೀಸರಹಿತ ಪೆಟ್ರೋಲನ್ನೂ ಜೊತೆಗೇ ತರಬೇಕಾದದ್ದು ಅದಕ್ಕೇ.

ದೊಡ್ಡ ಕಂಪನಿಗಳಿಗೆ ಪ್ರಯೋಗಾಲಯಗಳೊಡನೆ ಇಂಥ ಸಹಯೋಗ ಕಷ್ಟವಲ್ಲ. ಅವರಿಗೆ ಸ್ವಂತ ಪ್ರಯೋಗಾಲಯವಿದೆ, ಪೇಟೆಂಟ್ ವಕೀಲರಿದ್ದಾರೆ, ಪಿಎಚ್‌ಡಿ ಮುಗಿಯುವ ತನಕ ಕಾಯುವ ಶಕ್ತಿಯಿದೆ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಸಂಶೋಧಕರು ತಾವೇ ಕಂಪನಿ ಕಟ್ಟಿದ್ದೂ ಉಂಟು. ಇಂಗಾಲದ ಡೈಆಕ್ಸೈಡನ್ನು ಮೆಥನಾಲ್ ಆಗಿಸುವ ‘ಬ್ರೀದ್’ 2018ರಲ್ಲಿ ಕಾರ್ಬನ್ ಎಕ್ಸ್‌ಪ್ರೈಜ್ ಸ್ಪರ್ಧೆಯ ಅಂತಿಮ ಸುತ್ತಿಗೆ ಬಂತು. ಕಷ್ಟವಿರುವುದು ಏಳು ತೊಟ್ಟಿಯ ಶೆಡ್ಡಿಗೆ. ಹತ್ತು ಹನ್ನೆರಡು ಜನ ದುಡಿಯುವ ಅಂಥ ಕಡೆ ಒಪ್ಪಂದಪತ್ರ ಓದುವವರಿಲ್ಲ, ಒಂದು ವಾರ ಲೈನ್ ನಿಲ್ಲಿಸಿ ಹೊಸ ಬಾತ್ ಪರೀಕ್ಷಿಸುವ ಅನುಕೂಲವಿಲ್ಲ. ಕ್ರೋಮಿಯಂ ಮಾತ್ರ ಹೆಚ್ಚಾಗಿ ನೆಲ ಸೇರುವುದು ಇಂಥ ಸಣ್ಣ ಘಟಕಗಳಿಂದಲೇ ಎಂದು ನನ್ನ ಎಣಿಕೆ.

ಅಲ್ಲಿ ಶುರುಮಾಡಲು ದೊಡ್ಡ ಯೋಜನೆಯೇ ಬೇಕೆಂದಿಲ್ಲ. ರಿಜೆಕ್ಟ್ ಆದ ತಗಡುಗಳು ಈಗ ಗುಜರಿಗೆ ಹೋಗುತ್ತವೆ. ಅವುಗಳಲ್ಲೊಂದಿಷ್ಟು, ಆ ದಿನದ ಬಾತ್‌ನ ಪಿಎಚ್, ತೊಳೆದ ನೀರಿನ ಒಂದು ಬಾಟಲಿ ಮತ್ತು ಓವನ್ನಿನ ತಾಪದ ದಾಖಲೆಯ ಜೊತೆ ಏಳೆಂಟು ಕಿಲೋಮೀಟರ್ ದೂರದ ಪ್ರಯೋಗಾಲಯಕ್ಕೆ ತಲುಪಿದರೆ ಸಾಕು. ಗುಳ್ಳೆಯನ್ನು ಅಡ್ಡಕ್ಕೆ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಇಟ್ಟರೆ ಲೇಪನ ಬಿಟ್ಟುಕೊಂಡದ್ದು ಲೋಹದಿಂದಲೋ ಬಣ್ಣದಿಂದಲೋ ತಿಳಿಯುತ್ತದೆ. ಎಕ್ಸ್‌ರೇ ವಿಶ್ಲೇಷಣೆಯಲ್ಲಿ ಕ್ಲೋರಿನ್ ಕಂಡರೆ ತೊಳೆಯುವ ನೀರು ಬದಲಿಸಬೇಕು, ಫಾಸ್ಫರಸ್ ತೀರ ಕಡಿಮೆ ಕಂಡರೆ ಐದನೆಯ ತೊಟ್ಟಿ ಸೊರಗಿದೆ ಎಂದರ್ಥ. ಜಿರ್ಕೋನಿಯಮ್ಮೋ ಸೀರಿಯಮ್ಮೋ ಹಾಕಿದ ಹೊಸ ಬಾತ್ ಯಾವ ನೀರಿನಲ್ಲಿ, ಎಷ್ಟು ವಾರ ಬಾಳಬೇಕು ಎಂಬುದನ್ನು ಆಮೇಲೆ ಇಬ್ಬರೂ ಕೂತು ಗೊತ್ತುಮಾಡಿಕೊಳ್ಳಬಹುದು.