ಪದ ಪರಿಚಯ: ಕೌಂಟರ್‌ಟೆನರ್

ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಛೇರಿಗಳ ಪ್ರಕಟಣೆಗಳಲ್ಲಿ ಗಾಯಕನ ಹೆಸರಿನ ಪಕ್ಕದಲ್ಲಿ ‘ಕೌಂಟರ್‌ಟೆನರ್’ ಎಂದೂ ಅದರ ಕೆಳಗೆ ಬರೋಕ್ ಎಂಬ ಹಳೆಯ ಯುರೋಪಿಯನ್ ಶೈಲಿಯ ಯಾವುದಾದರೊಂದು ವಾದ್ಯವೃಂದದ ಹೆಸರೂ ಇರುವುದನ್ನು ಈಗ ಮೇಲಿಂದ ಮೇಲೆ ಕಾಣುತ್ತೇವೆ. ಇವೆರಡು ಜೊತೆಯಾಗಿ ಬರುವುದಕ್ಕೆ ಕಾರಣವಿದೆ. ಮೊದಲನೆಯ ಪದದ ಈಗಿನ ಅರ್ಥವು ಎರಡನೆಯದರ ನೆರವಿಲ್ಲದೆ ಪೂರ್ತಿ ತಿಳಿಯುವಂಥದ್ದಲ್ಲ.

ಲ್ಯಾಟಿನ್ ಭಾಷೆಯಲ್ಲಿ ‘ತೆನೆರೆ’ ಎಂದರೆ ಹಿಡಿದಿರುವುದು. ಮಧ್ಯಯುಗದ ಯುರೋಪಿನಲ್ಲಿ ಹಲವು ಸ್ವರಪಂಕ್ತಿಗಳನ್ನು ಒಟ್ಟಿಗೆ ಹಾಡುವ ಪದ್ಧತಿ ಬೆಳೆದಾಗ, ಚರ್ಚಿನ ಮೂಲ ಸ್ತೋತ್ರದ ಧಾಟಿಯನ್ನು ದೀರ್ಘ ಸ್ವರಗಳಲ್ಲಿ ಹಿಡಿದು ನಿಲ್ಲುತ್ತಿದ್ದ ಪಂಕ್ತಿಯನ್ನು ಟೆನರ್ ಎಂದು ಕರೆದರು. 14ನೆಯ ಶತಮಾನದಲ್ಲಿ ಅದಕ್ಕೆ ಎದುರಾಗಿ, ಸುಮಾರು ಅದೇ ಎತ್ತರದಲ್ಲಿ, ಹೆಣೆದ ಇನ್ನೊಂದು ಪಂಕ್ತಿಯೇ ‘ಕಾಂಟ್ರಾಟೆನರ್’. ಮುಂದಿನ ಶತಮಾನದಲ್ಲಿ ಅದು ಎರಡಾಗಿ ಒಡೆಯಿತು: ಟೆನರ್‌ಗಿಂತ ಮೇಲೆ ಸಂಚರಿಸುವುದು ‘ಕಾಂಟ್ರಾಟೆನರ್ ಆಲ್ಟುಸ್’ ಎನಿಸಿಕೊಂಡಿತು, ಕೆಳಗಿನದು ‘ಕಾಂಟ್ರಾಟೆನರ್ ಬಾಸ್ಸುಸ್’. ಇಂದಿನ ಆಲ್ಟೊ, ಬಾಸ್ ಎಂಬ ಹೆಸರುಗಳು ಇವುಗಳ ಬಾಲಗಳು. ಇಂಗ್ಲೆಂಡಿನವರು ಮೇಲಿನ ಪಂಕ್ತಿಗೆ ತಲೆಯ ಭಾಗವನ್ನೇ ಉಳಿಸಿಕೊಂಡರು. ಹೀಗಾಗಿ ‘ಕೌಂಟರ್’ ಎಂಬಲ್ಲಿ ಹಗೆಯೇನೂ ಇಲ್ಲ, ಎದುರುಬದುರಾಗಿ ನಿಂತದ್ದು ಎಂಬಷ್ಟೇ ಅರ್ಥ. ಮೊದಲಿಗೆ ಇದು ಕಂಠದ ಹೆಸರೂ ಆಗಿರಲಿಲ್ಲ, ಬರೆದಿಟ್ಟ ಪಂಕ್ತಿಯ ಹೆಸರಾಗಿತ್ತು.

ಈಗ ಆ ಪದವು ಸ್ತ್ರೀಕಂಠದ ಎತ್ತರದಲ್ಲಿ ಹಾಡುವ ವಯಸ್ಕ ಪುರುಷ ಗಾಯಕನನ್ನು ಸೂಚಿಸುತ್ತದೆ. ನಮ್ಮ ಸಂಗೀತದ ಲೆಕ್ಕದಲ್ಲಿ ಹೇಳುವುದಾದರೆ, ಒಂದು ಮನೆ ಶ್ರುತಿಗೆ ಹೊಂದುವ ಶಾರೀರವುಳ್ಳವನು ಐದು ಮನೆ ಶ್ರುತಿಯ ಗಾಯಕಿಯ ವ್ಯಾಪ್ತಿಯಲ್ಲಿ ಸಲೀಸಾಗಿ ಓಡಾಡಿದಂತೆ. ಇಂಥ ಗಾಯಕರಲ್ಲಿ ಹೆಚ್ಚಿನವರ ಮಾತಿನ ಧ್ವನಿ ಸಾಮಾನ್ಯ ಗಂಡಸಿನ ಧ್ವನಿಯೇ. ಹಾಡುವಾಗ ಮಾತ್ರ ಅವರು ಧ್ವನಿತಂತುಗಳನ್ನು ಎಳೆದು ತೆಳುವಾಗಿಸಿ, ಅವುಗಳ ಅಂಚು ಮಾತ್ರ ಕಂಪಿಸುವಂತೆ ಮಾಡುತ್ತಾರೆ. ಇಟಾಲಿಯನ್ನರು ಈ ಧ್ವನಿಯನ್ನು ‘ಫಾಲ್ಸೆಟ್ಟೊ’ ಎನ್ನುತ್ತಾರೆ; ಸುಳ್ಳು ಎಂಬರ್ಥದ ‘ಫಾಲ್ಸೊ’ದಿಂದ ಬಂದ ಮಾತು ಅದು. ಕರ್ನಾಟಕ ಸಂಗೀತದವರು ತಾರಸ್ಥಾಯಿಯಲ್ಲಿ ಗಂಟಲನ್ನು ಮರೆಮಾಡಿ ಹಾಡುವುದನ್ನು ಕಳ್ಳದನಿ ಎಂದು ಹಳಿಯುವುದೂ ಇದೇ ಬಗೆಯ ನಾಮಕರಣ. ವ್ಯತ್ಯಾಸವೆಂದರೆ, ನಮ್ಮಲ್ಲಿ ದೋಷವೆನಿಸಿದ್ದನ್ನು ಅವರು ವರ್ಷಗಟ್ಟಲೆ ಸಾಧಕ ಮಾಡಿ ತುಂಬುಗಂಠವನ್ನಾಗಿ ಬೆಳೆಸಿದ್ದಾರೆ.

ಕೌಂಟರ್‌ಟೆನರನ್ನು ಕಾಸ್ಟ್ರಾಟೊ ಗಾಯಕನೊಂದಿಗೆ ಬೆರೆಸುವುದು ತೀರ ಸಾಮಾನ್ಯವಾದ ತಪ್ಪು. ಧ್ವನಿ ಒಡೆಯುವ ಮೊದಲೇ ಬಾಲಕರ ವೃಷಣಗಳನ್ನು ನಿಷ್ಕ್ರಿಯಗೊಳಿಸುತ್ತಿದ್ದ ಕ್ರೂರ ಪದ್ಧತಿ ಇಟಲಿಯಲ್ಲಿ ಬಹುಕಾಲ ನಡೆಯಿತು. ಅವರ ಧ್ವನಿತಂತು ಚಿಕ್ಕದಾಗಿಯೇ ಉಳಿಯುತ್ತಿತ್ತು, ಎದೆಗೂಡು ಮಾತ್ರ ವಯಸ್ಕನಂತೆ ಬೆಳೆಯುತ್ತಿತ್ತು. ನೇಪಲ್ಸ್‌ನಲ್ಲಿ ನಿಕೋಲಾ ಪೋರ್ಪೊರಾ ಎಂಬ ಗುರುವಿನ ಬಳಿ ಕಲಿತ ಫರಿನೆಲ್ಲಿ (1705–1782), ಕಫರೆಲ್ಲಿ (1710–1783) ಇವರ ಪೈಕಿ ಹೆಸರಾದವರು. 18ನೆಯ ಶತಮಾನದ ಇಟಾಲಿಯನ್ ಒಪೆರಾದ, ಅಂದರೆ ಸಂಗೀತನಾಟಕದ, ನಾಯಕರ ಪಾತ್ರಗಳನ್ನು ಬಹುಮಟ್ಟಿಗೆ ಇಂಥವರಿಗೆಂದೇ ಬರೆಯಲಾಗುತ್ತಿತ್ತು. ಸಂಯೋಜಕ ಹ್ಯಾಂಡೆಲ್ 1724ರಲ್ಲಿ ಜೂಲಿಯಸ್ ಸೀಸರನ ಪಾತ್ರವನ್ನು ಬರೆದದ್ದು ಸೆನೆಸಿನೊ ಎಂಬ ಕಾಸ್ಟ್ರಾಟೊಗೆ. ಎತ್ತರದ ಕಂಠ ಕೇಳಿದೊಡನೆ ನಮಗೆ ಸ್ತ್ರೀವೇಷ ನೆನಪಾಗುವುದು ಸಹಜ, ಆದರೆ ಆ ಕಾಲದ ಪ್ರೇಕ್ಷಕರಿಗೆ ಅದು ದಂಡನಾಯಕನ, ರಾಜಕುಮಾರನ ಧ್ವನಿಯಾಗಿತ್ತು. ಆದ್ದರಿಂದ ಇಂದಿನ ಕೌಂಟರ್‌ಟೆನರ್ ಹಾಡುವ ಕಠಿಣ ಆರಿಯಾಗಳಲ್ಲಿ (ಒಪೆರಾದ ಒಂಟಿ ಹಾಡುಗಳಲ್ಲಿ) ಬಹುಪಾಲು ಅವನಿಗಾಗಿ ಬರೆದವಲ್ಲ. ಮರೆಯಾದ ಇನ್ನೊಂದು ಬಗೆಯ ಕಂಠದ ಆಸ್ತಿಗೆ ಅವನು ಉತ್ತರಾಧಿಕಾರಿಯಾಗಿದ್ದಾನೆ. ಕಾಸ್ಟ್ರಾಟೊ ಹೀಗೆಯೇ ಕೇಳಿಸುತ್ತಿದ್ದ ಎಂಬ ಜಾಹೀರಾತಿನ ಮಾತನ್ನು ನಂಬಬೇಕಾಗಿಲ್ಲ. ಫರಿನೆಲ್ಲಿಯ ಬದುಕನ್ನು ಕುರಿತು 1994ರಲ್ಲಿ ಬಂದ ಚಲನಚಿತ್ರಕ್ಕಾಗಿ ಒಬ್ಬ ಕೌಂಟರ್‌ಟೆನರ್ ಮತ್ತು ಒಬ್ಬ ಸೊಪ್ರಾನೊ (ಅತ್ಯಂತ ಎತ್ತರದ ಸ್ತ್ರೀಕಂಠದ) ಗಾಯಕಿಯ ಧ್ವನಿಗಳನ್ನು ಯಂತ್ರದ ಮೂಲಕ ಬೆಸೆಯಬೇಕಾಯಿತು.

ಕೌಂಟರ್‌ಟೆನರ್ ಕಂಠವು ಮತ್ತೆ ಕಛೇರಿಯ ವೇದಿಕೆಗೆ ಬಂದದ್ದು ಇಂಗ್ಲೆಂಡಿನ ಚರ್ಚುಗಳ ಗಾಯಕವೃಂದದಿಂದ. ಅಲ್ಲಿ ಗಂಡಸರು ಆಲ್ಟೊ ಪಂಕ್ತಿಯನ್ನು ಹಾಡುವ ರೂಢಿ ಅಳಿದಿರಲಿಲ್ಲ. ಕ್ಯಾಂಟರ್ಬರಿಯ ಕ್ಯಾಥೆಡ್ರಲ್‌ನಲ್ಲಿ ಹಾಡುತ್ತಿದ್ದ ಆಲ್ಫ್ರೆಡ್ ಡೆಲ್ಲರ್ (1912–1979) ಅವರನ್ನು ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಸಂಯೋಜಕ ಮೈಕೆಲ್ ಟಿಪ್ಪೆಟ್ ಕೇಳಿ, 17ನೆಯ ಶತಮಾನದ ಇಂಗ್ಲಿಷ್ ಸಂಯೋಜಕ ಪರ್ಸೆಲ್‌ನ ಕೃತಿಗಳಿಗೆ ಬೇಕಾದ ಕಂಠ ಇದೇ ಎಂದು ಗುರುತಿಸಿದರು. 1960ರಲ್ಲಿ ಸಂಯೋಜಕ ಬೆಂಜಮಿನ್ ಬ್ರಿಟನ್ ತಮ್ಮ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಒಪೆರಾದ ಯಕ್ಷರಾಜ ಒಬೆರಾನ್ ಪಾತ್ರವನ್ನು ಡೆಲ್ಲರ್‌ಗಾಗಿಯೇ ಬರೆದರು. ಡೆಲ್ಲರ್ ಅವರದು ಸೌಮ್ಯವಾದ ಗಾಯನ. ಇಂದಿನವರ ಮಿಂಚಿನ ಓಟ ಅದರಲ್ಲಿರಲಿಲ್ಲ.

ಆ ಓಟಕ್ಕೆ ದಾರಿಯಾದದ್ದು ಬರೋಕ್ ವಾದ್ಯವೃಂದಗಳ ಪುನರುಜ್ಜೀವನ. ಸುಮಾರು 1600ರಿಂದ 1750ರವರೆಗಿನ ಕಾಲದ ವಾದ್ಯಗಳನ್ನೋ ಅವುಗಳ ಪ್ರತಿಕೃತಿಗಳನ್ನೋ ಬಳಸುವ ಈ ತಂಡಗಳಲ್ಲಿ ಪಿಟೀಲಿಗೆ ಲೋಹದ ತಂತಿಯ ಬದಲು ಪ್ರಾಣಿಯ ಕರುಳಿನಿಂದ ಹೊಸೆದ ತಂತಿ ಇರುತ್ತದೆ, ತುತ್ತೂರಿಗೆ ಒತ್ತುವ ಗುಂಡಿಗಳಿರುವುದಿಲ್ಲ, ಪಿಯಾನೊಗಿಂತ ಹಳೆಯ ಕೀಲಿಮಣೆವಾದ್ಯವಾದ ಹಾರ್ಪ್ಸಿಕಾರ್ಡ್ ಮತ್ತು ಥಿಯೋರ್ಬೊ ಎಂಬ ಉದ್ದ ಕೊರಳಿನ ತಂತಿವಾದ್ಯ ಸೇರಿ ಆಧಾರ ಕೊಡುತ್ತವೆ. ಶ್ರುತಿಯನ್ನೂ ಸಾಮಾನ್ಯವಾಗಿ ಅರ್ಧ ಮನೆ ಇಳಿಸಿಕೊಳ್ಳುತ್ತಾರೆ: ಇಂದಿನ ವಾದ್ಯವೃಂದಗಳ 440 ಹರ್ಟ್ಸ್‌ಗೆ ಬದಲಾಗಿ 415. ದೊಡ್ಡ ಆಧುನಿಕ ವಾದ್ಯವೃಂದದ ಭರಾಟೆಯಲ್ಲಿ ಫಾಲ್ಸೆಟ್ಟೊ ಧ್ವನಿ, ಅದರಲ್ಲೂ ಅದರ ಕೆಳಗಿನ ಸ್ವರಗಳು, ಮುಳುಗಿಹೋಗುತ್ತವೆ. ಹದಿನೈದು ಇಪ್ಪತ್ತು ಮಂದಿಯ ಈ ತಿಳಿಯಾದ ನಾದದಲ್ಲಿ ಅದು ಎದ್ದು ಕೇಳುತ್ತದೆ.

ಹಾಗೆಂದು ಇಲ್ಲಿ ವಾದ್ಯದವರು ಬರಿಯ ಪಕ್ಕವಾದ್ಯದವರಲ್ಲ. ಆ ಕಾಲದ ಆರಿಯಾದ ರೂಢಿಯ ಆಕಾರವನ್ನು ‘ದ ಕಾಪೊ’, ಅಂದರೆ ತಲೆಯಿಂದ, ಎನ್ನುತ್ತಾರೆ. ಮೊದಲ ಭಾಗ, ಭಾವ ಬದಲಾಗುವ ಎರಡನೆಯ ಭಾಗ, ಅನಂತರ ಮತ್ತೆ ಮೊದಲ ಭಾಗ. ಮರಳಿ ಬಂದಾಗ ಅದನ್ನು ಇದ್ದಂತೆಯೇ ಒಪ್ಪಿಸಿದರೆ ಗಾಯಕನಿಗೆ ಮರ್ಯಾದೆಯಿಲ್ಲ. ನಾವು ಪಲ್ಲವಿಗೆ ಸಂಗತಿಗಳನ್ನು ಹಾಕುವಂತೆ ಅವನು ಹೊಸ ಬಿರ್ಕಾಗಳನ್ನು, ಜಿಗಿತಗಳನ್ನು ಸೇರಿಸಬೇಕು, ಕೊನೆಯಲ್ಲಿ ವಾದ್ಯಗಳೆಲ್ಲ ನಿಂತಾಗ ಒಂಟಿಯಾಗಿ ವಿಸ್ತರಿಸಬೇಕು. ಬಿರುಗಾಳಿಗೆ ಸಿಕ್ಕ ಹಡಗಿಗೆ ನಾಯಕ ತನ್ನನ್ನು ಹೋಲಿಸಿಕೊಳ್ಳುವ ಆರಿಯಾಗಳು ಆಗ ಬಹಳ ಜನಪ್ರಿಯವಾಗಿದ್ದವು, ಅಲ್ಲಿ ಅಲೆಗಳನ್ನು ಎಬ್ಬಿಸುವ ಕೆಲಸ ಪಿಟೀಲುಗಳದ್ದು. ಹದಿನೇಳರ ಹರೆಯದ ಫರಿನೆಲ್ಲಿ ರೋಮ್‌ನಲ್ಲಿ ರಾತ್ರಿ ರಾತ್ರಿಯೂ ಒಬ್ಬ ತುತ್ತೂರಿಗಾರನೊಂದಿಗೆ ಪೈಪೋಟಿಗಿಳಿದು, ಉಸಿರಿನಲ್ಲಿಯೂ ಅಲಂಕಾರದಲ್ಲಿಯೂ ಅವನನ್ನು ಸೋಲಿಸಿದ ಕಥೆಯನ್ನು ಇಂಗ್ಲಿಷ್ ಸಂಗೀತ ಇತಿಹಾಸಕಾರ ಚಾರ್ಲ್ಸ್ ಬರ್ನಿ ದಾಖಲಿಸಿದ್ದಾರೆ. ಬರ್ನಿ 1770ರಲ್ಲಿ ಬೊಲೋನ್ಯಾದಲ್ಲಿ ವೃದ್ಧ ಫರಿನೆಲ್ಲಿಯನ್ನು ಕಂಡು ಮಾತಾಡಿಸಿದವರು. ಕಥೆ ಎಷ್ಟು ಬೆಳೆದಿದ್ದರೂ, ಕಂಠ ಮತ್ತು ವಾದ್ಯ ಸರಿಸಮನಾಗಿ ಎದುರುಬದುರು ನಿಲ್ಲುವ ಆ ಕಾಲದ ಅಭಿರುಚಿಯನ್ನು ಅದು ಚೆನ್ನಾಗಿ ತೋರಿಸುತ್ತದೆ.

ಪೂರ್ಣ ಒಪೆರಾವನ್ನು ರಂಗಸಜ್ಜಿಕೆಯೊಂದಿಗೆ ಊರೂರಿಗೆ ಸಾಗಿಸುವುದು ದುಬಾರಿ. ಒಬ್ಬ ಗಾಯಕ ಮತ್ತು ಒಂದು ಸಣ್ಣ ವಾದ್ಯವೃಂದ ಪ್ರವಾಸ ಹೊರಡುವುದು ಅದಕ್ಕಿಂತ ಸುಲಭ. ಫ್ರಾನ್ಸಿನ ಫಿಲಿಪ್ ಜರೂಸ್ಕಿ ಅವರು ಪೋರ್ಪೊರಾ ತನ್ನ ಶಿಷ್ಯ ಫರಿನೆಲ್ಲಿಗಾಗಿ ಬರೆದ ಆರಿಯಾಗಳನ್ನು ವೆನಿಸ್ ಬರೋಕ್ ಆರ್ಕೆಸ್ಟ್ರಾದೊಂದಿಗೆ 2013ರಲ್ಲಿ ಧ್ವನಿಮುದ್ರಿಸಿ ಅದೇ ತಂಡದೊಂದಿಗೆ ಪ್ರವಾಸ ಮಾಡಿದರು. ಅದೇ ವರ್ಷ ಅರ್ಜೆಂಟೀನಾದ ಫ್ರಾಂಕೊ ಫಾಜಿಯೋಲಿ ‘ಇಲ್ ಪೋಮೊ ದೋರೊ’ ತಂಡದೊಡನೆ ಕಫರೆಲ್ಲಿಯ ಆರಿಯಾಗಳನ್ನು ಹೊರತಂದರು. ಇಂಥ ಕಛೇರಿಗಳಲ್ಲಿ ಎರಡು ಮೂರು ಆರಿಯಾಗಳಿಗೊಮ್ಮೆ ವಾದ್ಯಗಳಷ್ಟೇ ನುಡಿಸುವ ಒಂದು ಕೃತಿ ಬರುತ್ತದೆ. ಗಾಯಕನ ಗಂಟಲಿಗೆ ಅದು ಬಿಡುವು. ಕರುಳಿನ ತಂತಿಯು ಸಭಾಂಗಣದ ತೇವಕ್ಕೂ ದೀಪಗಳ ಕಾವಿಗೂ ಬೇಗನೆ ಶ್ರುತಿ ಬಿಡುವುದರಿಂದ ವಾದಕರು ನಡುನಡುವೆ ನಿಲ್ಲಿಸಿ ಶ್ರುತಿ ಮಾಡಿಕೊಳ್ಳುವುದನ್ನೂ ಅಲ್ಲಿ ಕಾಣಬಹುದು. ತಂಬೂರಿ ಸರಿಯಾಗುವವರೆಗೆ ಕಾದು ಕೂತ ನಮ್ಮ ಕೇಳುಗರಿಗೆ ಇದು ಬೇಸರದ ವಿಷಯವಾಗಲಾರದು.

ಲಿಯೊನಾರ್ಡೊ ವಿಂಚಿ ಎಂಬ ಸಂಯೋಜಕನ ‘ಅರ್ತಸೆರ್ಸೆ’ ಒಪೆರಾ 1730ರಲ್ಲಿ ರೋಮ್‌ನಲ್ಲಿ ಮೊದಲು ಪ್ರದರ್ಶನಗೊಂಡಾಗ, ಪೋಪರ ಆಡಳಿತದಲ್ಲಿ ಹೆಂಗಸರು ರಂಗವೇರುವಂತಿರಲಿಲ್ಲವಾಗಿ, ಸ್ತ್ರೀಪಾತ್ರಗಳನ್ನೂ ಗಂಡಸರೇ ಹಾಡಿದ್ದರು. 2012ರಲ್ಲಿ ಫ್ರಾನ್ಸಿನ ನ್ಯಾನ್ಸಿಯಲ್ಲಿ ಕನ್ಸೆರ್ಟೊ ಕೊಲ್ನ್ ವಾದ್ಯವೃಂದದೊಂದಿಗೆ ಅದನ್ನು ಮತ್ತೆ ರಂಗಕ್ಕೆ ತಂದಾಗ ಜರೂಸ್ಕಿ, ಫಾಜಿಯೋಲಿ ಸೇರಿ ಐವರು ಕೌಂಟರ್‌ಟೆನರ್‌ಗಳು ಹಾಡಿದರು. ಅವರಲ್ಲಿ ಇಬ್ಬರದು ಸ್ತ್ರೀಪಾತ್ರ. ಅವರೆದುರು ಸಹಜ ಗಂಡುದನಿಯಲ್ಲಿ ಹಾಡುವ ಟೆನರ್ ಇದ್ದದ್ದು ಒಬ್ಬನೇ, ಅವನದು ರಾಜನನ್ನು ಕೊಂದ ಖಳನ ಪಾತ್ರ.