ಮಳೆಯ ಆನಿಮೇಷನ್‌ನಲ್ಲಿ ಬಣ್ಣದ ಅಳತೆ ಯಾಕೆ ಬದಲಾಗುವುದಿಲ್ಲ?

ಪ್ರಶ್ನೆ: ಕೊಡಗಿನಿಂದ ಮಳವಳ್ಳಿಯವರೆಗಿನ ಒಂದು ವರ್ಷದ ದಿನವಹಿ ಮಳೆಯನ್ನು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ (ಪೈಥಾನ್‌ನ ಚಿತ್ರ ಬಿಡಿಸುವ ಲೈಬ್ರರಿ) ಆನಿಮೇಷನ್ ಮಾಡಿದ್ದೇನೆ. ಜನವರಿ ಸರಿಯಾಗಿ ಕಾಣುತ್ತದೆ, ಜೂನ್ ಬಂದರೆ ನಕ್ಷೆಯೆಲ್ಲ ಹಳದಿ. ಪಕ್ಕದ ಬಣ್ಣದ ಪಟ್ಟಿಯ, ಅಂದರೆ ಕಲರ್‌ಬಾರ್‌ನ ಸಂಖ್ಯೆಗಳೂ ಕದಲುವುದಿಲ್ಲ. ಏನು ಮಾಡಲಿ? – ವಿದ್ಯಾರ್ಥಿ, ಮಂಡ್ಯ

ಉತ್ತರ: ಅಂಕಿಗಳ ಚೌಕಜಾಲವನ್ನು ಬಣ್ಣದ ಚಿತ್ರ ಮಾಡುವ ಇಮ್‌ಶೋ ಫಂಕ್ಷನ್ ಬಣ್ಣದ ಕನಿಷ್ಠ, ಗರಿಷ್ಠಗಳನ್ನು ತನಗೆ ಸಿಕ್ಕ ಮೊದಲ ಫ್ರೇಮಿನಿಂದಲೇ ನಿಗದಿ ಮಾಡಿಕೊಳ್ಳುತ್ತದೆ. ಆಮೇಲೆ ಹೊಸ ದಿನದ ಅಂಕಿ ತುಂಬಲು ನೀವು ಸೆಟ್ ಡೇಟಾ ಕರೆದಾಗ ಬದಲಾಗುವುದು ಅಂಕಿಗಳು ಮಾತ್ರ, ಅಳತೆ ಹಾಗೇ ಉಳಿಯುತ್ತದೆ. ಜನವರಿ 1ರಂದು ಎಲ್ಲೂ ಮಳೆಯಿಲ್ಲದಿದ್ದರೆ ಎರಡೂ ತುದಿ ಸೊನ್ನೆ. ಆಗ ಕಲರ್‌ಬಾರ್ ಸೊನ್ನೆಯ ಆಚೀಚೆ ತೀರಾ ಕಿರಿದಾದ ಒಂದು ವ್ಯಾಪ್ತಿಯನ್ನು ಹಿಡಿದುಕೊಳ್ಳುತ್ತದೆ. ಮುಂದೆ 2 ಮಿ.ಮೀ. ಬಂದರೂ 80 ಮಿ.ಮೀ. ಬಂದರೂ ತುದಿಯ ಬಣ್ಣವೇ. ನಿಮ್ಮ ಹಳದಿ ಅದೇ.

ಪ್ರತಿ ಫ್ರೇಮಿಗೂ ಓಡುವ ಅಪ್‌ಡೇಟ್ ಫಂಕ್ಷನ್‌ನಲ್ಲಿ ಸೆಟ್ ಡೇಟಾ ಆದ ತಕ್ಷಣ, ಬಣ್ಣದ ಮಿತಿ ಹಾಕುವ ಸೆಟ್ ಕ್ಲಿಮ್‌ಗೆ ಹೊಸ ಕನಿಷ್ಠ, ಗರಿಷ್ಠ ಕೊಡಿ (ಈ ಹೆಸರುಗಳಲ್ಲಿ ಪದಗಳ ನಡುವೆ ಅಂಡರ್‌ಸ್ಕೋರ್ ಇರುತ್ತದೆ). ಇಮ್‌ಶೋ ಅಲ್ಲದೆ ಸ್ಕ್ಯಾಟರ್ (ಚುಕ್ಕೆಗಳು), ಪಿಕಲರ್‌ಮೆಶ್ (ಬಣ್ಣದ ಚೌಕಗಳು) ಆದರೆ ಸೆಟ್ ಡೇಟಾ ಬದಲು ಸೆಟ್ ಅರೇ. ಸಮರೇಖೆಗಳ ನಡುವೆ ಬಣ್ಣ ತುಂಬುವ ಕಾಂಟೂರ್‌ಎಫ್‌ಗೆ ಈ ದಾರಿ ನಡೆಯುವುದಿಲ್ಲ. ಹಳೆಯದನ್ನು ತೆಗೆದು ಮತ್ತೆ ಬರೆಯಬೇಕು.

ಕಲರ್‌ಬಾರನ್ನು ಲೂಪಿನ ಹೊರಗೆ ಒಂದೇ ಸಲ ಮಾಡಿ. ಅದು ಚಿತ್ರದ ಅಳತೆಗೆ ಜೋಡಿಸಿಕೊಂಡಿರುತ್ತದೆ, ಸೆಟ್ ಕ್ಲಿಮ್ ಆದರೆ ತಾನೇ ಬದಲಾಗುತ್ತದೆ. ಪ್ರತಿ ಫ್ರೇಮಿನಲ್ಲೂ ಹೊಸದನ್ನು ಸೇರಿಸಿದರೆ ಒಂದೊಂದೂ ನಕ್ಷೆಯ ಜಾಗವನ್ನು ಕಿತ್ತುಕೊಂಡು, ಕೊನೆಗೆ ಪಟ್ಟಿಗಳ ಸಾಲು ಉಳಿದು ನಕ್ಷೆ ಸಣಕಲಾಗುತ್ತದೆ. ಸೆಟ್ ಕ್ಲಿಮ್ ಕೊಟ್ಟರೂ ಸಂಖ್ಯೆಗಳು ನಿಂತಲ್ಲೇ ನಿಂತಿದ್ದರೆ, ಆನಿಮೇಷನ್‌ನ ವೇಗ ಹೆಚ್ಚಿಸುವ ಬ್ಲಿಟ್ ಎಂಬ ಆಯ್ಕೆಯನ್ನು ನೋಡಿ. ಅದು ಟ್ರೂ ಇದ್ದಾಗ ನೀವು ಹಿಂದಿರುಗಿಸಿದ ಚಿತ್ರವಷ್ಟೇ ಮತ್ತೆ ಬರೆಯಲ್ಪಡುತ್ತದೆ. ಕಲರ್‌ಬಾರ್ ಬೇರೆ ಆಕ್ಸಿಸ್‌ನಲ್ಲಿ (ಬೇರೆ ಚೌಕಟ್ಟಿನಲ್ಲಿ) ಇರುವುದರಿಂದ ಹಾಗೇ ಉಳಿಯುತ್ತದೆ. ಬ್ಲಿಟ್ ಅನ್ನು ಫಾಲ್ಸ್ ಮಾಡಿ. 365 ಸಣ್ಣ ಫ್ರೇಮುಗಳಿಗೆ ಆ ವೇಗದ ಅಗತ್ಯವೂ ಇಲ್ಲ.

ಇನ್ನೊಂದು ಬಲೆ: ಹವಾಮಾನ ಇಲಾಖೆಯ 0.25 ಡಿಗ್ರಿ ಗ್ರಿಡ್ ಬಳಸುತ್ತಿದ್ದರೆ ಮಾಹಿತಿಯಿಲ್ಲದ ಚೌಕಗಳಲ್ಲಿ −999 ಇರುತ್ತದೆ. ಕೊಡಗನ್ನು ಒಳಗೊಳ್ಳಲು ಪಶ್ಚಿಮಕ್ಕೆ ಸ್ವಲ್ಪ ಹೆಚ್ಚು ಸರಿದರೆ ಸಮುದ್ರದ ಚೌಕಗಳೂ ಬರುತ್ತವೆ. ಕನಿಷ್ಠ −999 ಆಯಿತೆಂದರೆ ಮಳೆಯ ವ್ಯತ್ಯಾಸವೆಲ್ಲ ಬಣ್ಣದ ಮೇಲ್ತುದಿಯ ಚೂರಿನಲ್ಲಿ ಅಡಗಿಹೋಗುತ್ತದೆ. ಮೊದಲೇ ಅವನ್ನು ನ್ಯಾನ್ (ಅಂಕಿಯಿಲ್ಲ ಎಂಬ ಗುರುತು) ಮಾಡಿ, ಗರಿಷ್ಠ ಹುಡುಕಲು ಅಂಥವನ್ನು ಬಿಟ್ಟು ಎಣಿಸುವ ನ್ಯಾನ್‌ಮ್ಯಾಕ್ಸ್ ಬಳಸಿ. ಮಳೆಗೆ ಕನಿಷ್ಠ ಯಾವಾಗಲೂ 0 ಇರಲಿ.

ಈಗ ನಿಜವಾದ ಪ್ರಶ್ನೆ: ಅಳತೆ ಬದಲಾಗಲೇಬೇಕೆ? ಪ್ರತಿ ದಿನದ ಗರಿಷ್ಠಕ್ಕೆ ತಕ್ಕಂತೆ ಬದಲಿಸಿದರೆ ನಾಗಮಂಗಲದ 4 ಮಿ.ಮೀ. ತುಂತುರೂ ಭಾಗಮಂಡಲದ 150 ಮಿ.ಮೀ. ಸುರಿತವೂ ಬೇರೆ ಬೇರೆ ದಿನಗಳಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವೆ. ನೋಡುವವರ ಕಣ್ಣು ಬಣ್ಣದ ಮೇಲಿರುತ್ತದೆ, ಪಕ್ಕದ ಸಂಖ್ಯೆಗಳ ಮೇಲಲ್ಲ. ದಿನದಿಂದ ದಿನಕ್ಕೆ ಹೋಲಿಸುವ ನಕ್ಷೆಗೆ ನನ್ನ ಮತ ಸ್ಥಿರ ಅಳತೆಗೇ. ಕೊಡಗಿನ ಜೋರು ಮಳೆಯ ಮುಂದೆ ಮಂಡ್ಯದ್ದು ಕಾಣದೆ ಹೋಗದಿರಲು, ನೀವು ಕೊಟ್ಟ ಗಡಿಗಳ ನಡುವೆ ಒಂದೊಂದು ಬಣ್ಣ ಹಚ್ಚುವ ಬೌಂಡರಿನಾರ್ಮ್ ಬಳಸಿ, ಇಲಾಖೆಯ ವರ್ಗಗಳನ್ನೇ ಗಡಿ ಮಾಡಿಕೊಳ್ಳಿ: 2.5, 15.6, 64.5, 115.6, 204.5 ಮಿ.ಮೀ. 64.5ರಿಂದ ಭಾರೀ ಮಳೆ, 204.5ರಿಂದ ಅತ್ಯಂತ ಭಾರೀ. ಮೊದಲ ಗಡಿಯ ಕೆಳಗೂ ಕೊನೆಯ ಗಡಿಯ ಮೇಲೂ ಬೇರೆ ಬಣ್ಣ ಸಿಗಲು ಎಕ್ಸ್‌ಟೆಂಡ್ ಅನ್ನು ಬೋತ್ ಎಂದಿಡಿ. ಈ ವಿಧಾನದಲ್ಲಿ ಸೆಟ್ ಕ್ಲಿಮ್ ಗಡಿಗಳನ್ನು ಸರಿಸುವುದಿಲ್ಲ, ಅದನ್ನು ಬಿಟ್ಟುಬಿಡಿ.

ಬದಲಾಗುವ ಅಳತೆಯೇ ಬೇಕೆಂದರೆ ಅದು ಹಿಗ್ಗಲಿ, ಕುಗ್ಗದಿರಲಿ: ಇವತ್ತಿನವರೆಗಿನ ಗರಿಷ್ಠವನ್ನೇ ಮೇಲ್ತುದಿ ಮಾಡಿ. ಕುಗ್ಗಲೂಬೇಕಾದರೆ ಹಳೆಯ ಮಿತಿಯ 0.9 ಪಾಲಿಗೆ ಹೊಸದರ 0.1 ಪಾಲು ಕೂಡಿಸಿ. ಸೆಕೆಂಡಿಗೆ 10 ಫ್ರೇಮ್ ಇದ್ದರೆ ಒಂದು ಸೆಕೆಂಡಿನಲ್ಲಿ ಸುಮಾರು 65% ಅಂತರ ತುಂಬುತ್ತದೆ, ಬಣ್ಣ ಮಿಣುಕುವುದಿಲ್ಲ.

ಈ ಲೆಕ್ಕವನ್ನು ಅಪ್‌ಡೇಟ್ ಫಂಕ್ಷನ್‌ನ ಒಳಗೆ ಗ್ಲೋಬಲ್ ವೇರಿಯಬಲ್‌ನಲ್ಲಿ ಇಟ್ಟುಕೊಳ್ಳಬೇಡಿ. ಆರಂಭದ ಚಿತ್ರ ಬರೆಯುವ ಇನಿಟ್ ಫಂಕ್ಷನ್ ಕೊಡದಿದ್ದರೆ, ಆನಿಮೇಷನ್ ಓಡಿಸುವ ಫಂಕ್‌ಆನಿಮೇಷನ್ ಮೊದಲ ಫ್ರೇಮನ್ನು ಹೆಚ್ಚುವರಿಯಾಗಿ ಕರೆಯುತ್ತದೆ. ರಿಪೀಟ್ ಆದಾಗ ಡಿಸೆಂಬರ್‌ನ ಮಿತಿ ಮತ್ತೆ ಜನವರಿಗೆ ಅಂಟಿಕೊಂಡು ಬರುತ್ತದೆ. ದಿನದ ಗರಿಷ್ಠಗಳ ಪಟ್ಟಿಯನ್ನು ಮೊದಲೇ ಮಾಡಿ, ನಂಪೈನ (ಪೈಥಾನ್‌ನ ಲೆಕ್ಕದ ಲೈಬ್ರರಿ) ಮ್ಯಾಕ್ಸಿಮಮ್ ಅಕ್ಯುಮುಲೇಟ್‌ಗೆ ಕೊಡಿ, ಅದು ಪ್ರತಿ ದಿನಕ್ಕೂ ಅಲ್ಲಿಯವರೆಗಿನ ಗರಿಷ್ಠವನ್ನು ಕೊಡುತ್ತದೆ. ಬಂದ ಪಟ್ಟಿಯಲ್ಲಿ 1ಕ್ಕಿಂತ ಕಡಿಮೆ ಇರುವ ಮಿತಿಗಳನ್ನು 1 ಮಾಡಿ, ಫ್ರೇಮ್ ಸಂಖ್ಯೆಗೆ ತಕ್ಕ ಮಿತಿಯನ್ನು ಎತ್ತಿಕೊಳ್ಳಿ. ಆಗ ಪರದೆಯಲ್ಲೂ ಉಳಿಸಿದ ಎಂಪಿ4 ಫೈಲಿನಲ್ಲೂ ಅಕ್ಟೋಬರ್ 12ಕ್ಕೆ ಒಂದೇ ಅಳತೆ ಇರುತ್ತದೆ.