ಅಡಗಿದ್ದನ್ನ ಹುಡುಕೋ ಆಟ ಮತ್ತ ದೃಶ್ಯ ಗ್ರಹಿಕೆ: ಡಿ.ಎಡ್, ಬಿ.ಎಡ್ ಗೆಳೆಯರಿಗೆ ಟಿಪ್ಪಣಿ

ಮಕ್ಕಳ ಪುಸ್ತಕದಾಗ, ಮೊಬೈಲ್ ಗೇಮ್‌ನಾಗ "ಈ ಚಿತ್ರದಾಗ ಅಡಗಿರೋ ವಸ್ತು ಹುಡುಕು" ಅಂತ ಬರ್ತಾವಲ್ರಿ, ಅವನ್ನ ಬರೇ ಟೈಂಪಾಸ್ ಅಂತ ಬಿಡಬ್ಯಾಡ್ರಿ, ದೃಶ್ಯ ಗ್ರಹಿಕೆ ಪಾಠಕ್ಕ ಇದಕ್ಕಿಂತ ಚಲೋ ಉದಾಹರಣೆ ನನಗಂತೂ ಸಿಕ್ಕಿಲ್ಲ. ಕಣ್ಣಿನ ಪವರ್ ಬ್ಯಾರೆ, ದೃಶ್ಯ ಗ್ರಹಿಕೆ ಬ್ಯಾರೆ ಅನ್ನೋದನ್ನ ಮೊದ್ಲು ಕ್ಲಿಯರ್ ಮಾಡ್ಕೊಳ್ರಿ. ಬೋರ್ಡ್ ಮ್ಯಾಲಿಂದು ಸ್ಪಷ್ಟ ಕಾಣೋದು ದೃಷ್ಟಿ, ಕಂಡದ್ದನ್ನ ಮಿದುಳು ಬಿಡಿಸಿ, ಹೋಲಿಸಿ, ಇದು ಇಂಥಾದ್ದು ಅಂತ ಗುರುತು ಹಿಡಿಯೋದು ಗ್ರಹಿಕೆ.

ಈ ಆಟದಾಗ ಮುಖ್ಯವಾಗಿ ಕೆಲಸ ಮಾಡೋದು ಆಕೃತಿ-ಹಿನ್ನೆಲೆ ಬೇರ್ಪಡಿಸೋ ಶಕ್ತಿ. ಡೆನ್ಮಾರ್ಕಿನ ಮನೋವಿಜ್ಞಾನಿ ಎಡ್ಗರ್ ರೂಬಿನ್ 1915ರಾಗ ತೋರಿಸಿದ ಹೂದಾನಿ ಚಿತ್ರ ನಮ್ಮ ಸಿಲಬಸ್‌ನಾಗ ಬರ್ತೈತಿ, ನಡುವಿನ ಭಾಗ ಹಿಡಿದ್ರ ಹೂದಾನಿ, ಎರಡೂ ಬಾಜೂ ಹಿಡಿದ್ರ ಎದುರುಬದುರು ಎರಡು ಮುಖ. ಅಡಗಿಸೋ ಚಿತ್ರ ಬರೆಯೋರು ಇದನ್ನೇ ಬಳಸ್ತಾರ, ಚಮಚದ ಹಿಡಿಕಿ ಗೆರೀನ ಮರದ ಕೊಂಬಿ ಗೆರೀಗೆ ಕೂಡಿಸಿಬಿಡ್ತಾರ, ಆಗ ಚಮಚ ಹಿನ್ನೆಲೆ ಒಳಗ ಕರಗಿ ಹೋಗ್ತೈತಿ. ಅರ್ಧ ಮುಚ್ಚಿದ ಚೆಂಡನ್ನ ಮನಸ್ಸಿನಾಗ ಪೂರ್ತಿ ಮಾಡ್ಕೊಳ್ಳೋದು, ತಲೆಕೆಳಗಾದ ಲೋಟಾನ ಲೋಟಾ ಅಂತಾನೇ ಗುರುತಿಸೋದು, ಹುಡುಕಬೇಕಾದ್ದನ್ನ ನೆನಪಿನಾಗ ಇಟ್ಕೊಳ್ಳೋದು, ಇವೂ ಜೊತಿಗೇ ನಡೀತಾವ.

ಹುಡುಕೋದು ಯಾವಾಗ ಸುಲಭ, ಯಾವಾಗ ಕಷ್ಟ? ಮನೋವಿಜ್ಞಾನಿ ಆನ್ ಟ್ರೀಸ್‌ಮನ್ 1980ರಾಗ ಮಂಡಿಸಿದ ಲಕ್ಷಣ ಸಂಯೋಜನೆ ಸಿದ್ಧಾಂತ (ಫೀಚರ್ ಇಂಟಿಗ್ರೇಶನ್ ಥಿಯರಿ) ಇಲ್ಲಿ ಬೇಕು, ಓದಿದ್ರ ತಲಿಗೆ ಹೋಗಂಗಿಲ್ಲ ಅನ್ನೋರು ಮನ್ಯಾಗ ಜೋಳ ಹಸನ ಮಾಡೋದನ್ನ ನೋಡ್ರಿ. ನಮ್ಮ ಕೊಪ್ಪಳ ಸೀಮ್ಯಾಗ ಮೊರದಾಗ ಬಿಳಿಜೋಳ ಹರವಿ ಕೂತಾಗ ಒಂದು ಕರೇ ಹರಳು ಇದ್ರ ತಟ್ಟನೆ ಕಣ್ಣಿಗೆ ಹೊಡೀತೈತಿ, ಜೋಳ ಒಂದು ಹಿಡಿ ಇರಲಿ ಒಂದು ಸೇರು ಇರಲಿ ವ್ಯತ್ಯಾಸ ಇಲ್ಲ, ಯಾಕಂದ್ರ ಬಣ್ಣ ಒಂದರಿಂದಲೇ ಅದು ಬ್ಯಾರೆ ಆಗೈತಿ. ಅದೇ ಜೋಳದ ಬಣ್ಣದ್ದು, ಜೋಳದ ಗಾತ್ರದ್ದು ಸುಣ್ಣಕಲ್ಲಿನ ಹರಳು ಇದ್ರ ಒಂದೊಂದು ಕಾಳಿನ ಮ್ಯಾಲೂ ಗಮನ ಹಾಯಿಸಬೇಕು, ಕಾಳು ಹೆಚ್ಚಾದಂಗ ಟೈಮೂ ಹೆಚ್ಚು. ಹಂಗಾಗಿ ಸಣ್ಣ ಮಕ್ಕಳಿಗೆ ಬಣ್ಣದಿಂದ ಎದ್ದು ಕಾಣೋದನ್ನ ಮೊದ್ಲು ಕೊಡ್ರಿ, ಆಮ್ಯಾಲೆ ಒಂದರಂಗ ಒಂದು ಇರೋದನ್ನ. ಅಂಗನವಾಡಿ ವಯಸ್ಸಿಗೆ ಚಿತ್ರಕ್ಕಿಂತ ಕೈಗೆ ಸಿಗೋ ವಸ್ತು ಚಲೋ, ಕಿನ್ನಾಳದ ಕಟ್ಟಿಗಿ ಗೊಂಬಿ ಇದ್ರ ಬಣ್ಣದ ಬಟ್ಟಿ ರಾಶಿಯೊಳಗ ಅರ್ಧ ಕಾಣೋ ಹಂಗ ಇಟ್ಟು ಹುಡುಕಿಸ್ರಿ.

ಈಗ ಪರೀಕ್ಷೆಗೂ ಕ್ಲಾಸಿಗೂ ಬೇಕಾದ ಮಾತು. ಮನೋವಿಜ್ಞಾನಿ ಮೇರಿಯಾನ್ ಫ್ರಾಸ್ಟಿಗ್ 1960ರ ದಶಕದಾಗ ದೃಶ್ಯ ಗ್ರಹಿಕೆನ ಐದು ಭಾಗ ಮಾಡಿ ಪರೀಕ್ಷೆ, ತರಬೇತಿ ಎರಡೂ ರೂಪಿಸಿದ್ರು: ಕಣ್ಣು-ಕೈ ಹೊಂದಾಣಿಕೆ, ಆಕೃತಿ-ಹಿನ್ನೆಲೆ, ಆಕಾರ ಸ್ಥಿರತೆ (ಗಾತ್ರ, ದಿಕ್ಕು ಬದಲಾದ್ರೂ ಅದೇ ಆಕಾರ ಅಂತ ಗುರುತಿಸೋದು), ವಸ್ತು ಇರೋ ಭಂಗಿ, ವಸ್ತುಗಳ ನಡುವಿನ ಸಂಬಂಧ. ಆದ್ರ ಇಂಥಾ ತರಬೇತಿಯಿಂದ ಮಕ್ಕಳ ಓದು ತಾನಾಗೇ ಸುಧಾರಿಸ್ತೈತಿ ಅನ್ನೋದಕ್ಕ 1970ರ ದಶಕದ ವಿಮರ್ಶೆಗಳಾಗ ಗಟ್ಟಿ ಆಧಾರ ಸಿಗಲಿಲ್ಲ. ಅಂದ್ರ ಚಮಚ, ಛತ್ರಿ ಹುಡುಕಿದ ಮಗು ಅದರಿಂದಲೇ ಓದು ಕಲೀತೈತಿ ಅಂತ ಪಾಲಕರಿಗೆ ಭರವಸೆ ಕೊಡಬ್ಯಾಡ್ರಿ.

ಓದಿಗೆ ಉಪಯೋಗ ಆಗಬೇಕಂದ್ರ ಅಕ್ಷರಾನೇ ಅಡಗಿಸಬೇಕು ಅಂತ ನನ್ನ ಖಚಿತ ಅಭಿಪ್ರಾಯ. ಪ ಹೊಟ್ಟಿಯೊಳಗ ಒಂದು ಗೀಟು ಬಂದ್ರ ಷ, ಕೆಳಗ ಮಹಾಪ್ರಾಣದ ಗೀಟು ಬಂದ್ರ ಫ. ದ-ಧ, ಡ-ಢ, ಬ-ಭ ಇವೂ ಹಂಗೇ. ಲೋಟಾದ ಮ್ಯಾಲೆ ಗೀಟು ಬಿದ್ರೂ ಅದು ಲೋಟಾನೇ ಅಂತ ಮಗು ಇಷ್ಟು ವರ್ಷ ಕಲ್ತಿರ್ತೈತಿ, ಅಕ್ಷರದ ವಿಷಯಕ್ಕ ಬಂದ್ರ ಅದೇ ಗೀಟು ಎಲ್ಲಾನೂ ಬದಲು ಮಾಡ್ತೈತಿ, ಗೊಂದಲ ಆಗದೇ ಇರ್ತೈತೇನ್ರಿ? ಒಂದು ಹಾಳಿ ತುಂಬ ಪ ಬರೆದು ನಡುನಡುವೆ ಷ ಇಟ್ಟು ಸುತ್ತು ಹಾಕಿಸ್ರಿ, ಹುಡುಕಿದಂಗೆಲ್ಲಾ ಬಾಯಿಲೆ ಹೇಳಿಸ್ರಿ, ನೋಟ-ಧ್ವನಿ ಕೂಡಿ ಹೋಗಬೇಕು.

ಆಡಿಸೋ ಮುಂದ ಸ್ಟಾಪ್‌ವಾಚ್ ಬ್ಯಾಡ. ಎಡದಿಂದ ಬಲಕ್ಕ, ಸಾಲು ಸಾಲಾಗಿ ಬೆರಳು ಓಡಿಸೋದು ರೂಢಿ ಮಾಡಿಸ್ರಿ, ಸಿಕ್ಕ ಮ್ಯಾಲೆ "ಹೆಂಗ ಗೊತ್ತಾತು ಪುಟ್ಟಾ?" ಅಂತ ಕೇಳ್ರಿ, "ಬಾಲ ಕಂಡಿತ್ರಿ ಟೀಚರ್" ಅಂದ್ರ ಆ ಮಗು ಭಾಗದಿಂದ ಪೂರ್ತಿ ಗುರುತಿಸೈತಿ ಅಂತ ನಿಮ್ಮ ನೋಟ್ಸ್‌ನಾಗ ಬರೀಬಹುದು. ಎದ್ದು ಕಾಣೋದನ್ನೂ ಒಂದು ಮಗು ಮತ್ತ ಮತ್ತ ತಪ್ಪಿಸಿದ್ರ, ಹಾಳಿ ಮೂಗಿನ ಹತ್ರ ತಂದು ನೋಡಿದ್ರ, ಗ್ರಹಿಕೆ ಸಮಸ್ಯೆ ಅಂತ ಹಣೆಪಟ್ಟಿ ಹಚ್ಚೋ ಮೊದ್ಲು ಕಣ್ಣು ತೋರಿಸಲಿ. 2013ರಾಗ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಾಗ ಅಂಗನವಾಡಿ, ಸರ್ಕಾರಿ ಶಾಲಿ ಮಕ್ಕಳ ತಪಾಸಣೆ ಮಾಡ್ತಾರ, ದೃಷ್ಟಿ ದೋಷಾನೂ ಅದರಾಗ ಬರ್ತೈತಿ, ತಂಡ ಬಂದಾಗ ಆ ಮಗುವಿನ ಹೆಸರು ತಪ್ಪದೇ ಹೇಳ್ರಿ.